ನಾಳೆಯಿಂದ ಎರಡು ಸಾವಿರ ಜಾಸ್ತಿ

(ಮಂಗಳೂರಿನ ಬಿಜೈಯ ಹಂಚಿನ ಮನೆ. ತಾರೀಕು 30, ಸಂಜೆ. ಜೋರು ಮಳೆ.)

ಓನರ್: ಚಾ ಆಯ್ತಾ ಮಾಷ್ಟ್ರೇ? ನಾಳೆಯಿಂದ ಬಾಡಿಗೆ ಎರಡು ಸಾವಿರ ಜಾಸ್ತಿ. ಬೇಜಾರು ಮಾಡ್ಬೇಡಿ ಆಯ್ತಾ.

ಮಾಷ್ಟ್ರು: ನಾಳೆಯಿಂದಲಾ? ಅಗ್ರಿಮೆಂಟ್ ಮುಗೀಲಿಕ್ಕೆ ಇನ್ನೂ ಐದು ತಿಂಗಳುಂಟಲ್ಲ!

ಓನರ್: ಅದು ಕಾಗದ ಮಾರಾಯ್ರೇ. ನಾವು ಮನೆಯವರ ಹಾಗೆ ಅಲ್ವಾ?

ಮಾಷ್ಟ್ರು: ಹನ್ನೊಂದೇ ತಿಂಗಳಿಗೆ ಬರೆಸಿದ್ದು ನೀವೇ.

ಓನರ್: ವರ್ಷ ಮೀರಿದ್ರೆ ರಿಜಿಸ್ಟ್ರಿ ಖರ್ಚಲ್ವಾ!

ಮಾಷ್ಟ್ರು: ಮತ್ತೆ ನೋಟಿಸು?

ಓನರ್: ಈಗ ಕೊಟ್ಟೆನಲ್ಲ, ಬಾಯಲ್ಲಿ.

ಮಾಷ್ಟ್ರು: ತಿಂಗಳ ಬಾಡಿಗೆಯವನನ್ನು ಬಿಡಿಸ್ಲಿಕ್ಕೂ 1882ರ ಸ್ವತ್ತು ವರ್ಗಾವಣೆ ಕಾಯ್ದೆ 15 ದಿನದ ಲಿಖಿತ ನೋಟಿಸ್ ಕೇಳ್ತದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಬಾಡಿಗೆ ಏರಿಸುದು ಅಗ್ರಿಮೆಂಟಿನಲ್ಲಿ ಬರೆದ ಹಾಗೆಯೇ ಆಗ್ಬೇಕು.

ಓನರ್: ಅದು ಮಾದರಿ. ಜವಳಿ ಅಂಗಡಿ ಗೊಂಬೆಯ ಹಾಗೆ. ರಾಜ್ಯ ಒಪ್ಪಿದ್ರೆ ಮಾತ್ರ ಜೀವ.

(ಓನರಿಗೆ ಕಾನೂನು ಗೊತ್ತಿಲ್ಲವೆಂದು ತಿಳಿದದ್ದು ಮಾಷ್ಟ್ರ ತಪ್ಪು. ಬೇಕಾದಷ್ಟು ಗೊತ್ತುಂಟು.)

ಮಾಷ್ಟ್ರು: ಕಾರಣವಾದ್ರೂ ಎಂತದು?

ಓನರ್: ರಸ್ತೆ ಕಾಂಕ್ರೀಟ್ ಆಯ್ತಲ್ಲ.

ಮಾಷ್ಟ್ರು: ಹೌದು, ಆಮೇಲೆ ಮಳೆನೀರು ಸೀದಾ ಜಗಲಿಗೆ.

ಓನರ್: ಬೇಸಿಗೆಯಲ್ಲಿ ತುಂಬೆ ಡ್ಯಾಮಿನ ನೀರು ಬರುದಿಲ್ಲ ಅಂತ ಮಂಡೆಬಿಸಿ ಮಾಡಿದ್ರಿ. ಈಗ ಬಾಗಿಲಿಗೇ ಬಂತು. ಸೌಲಭ್ಯಕ್ಕೆ ದುಡ್ಡು ಬೇಡ್ವಾ?

ಮಾಷ್ಟ್ರು: ಸರಿ, ಬರೆದು ಸಹಿ ಹಾಕಿ ಕೊಡಿ. ಸೋರುವ ಮಾಡಿನ ಬಗ್ಗೆ ನಾನೂ ಒಂದು ನೋಟಿಸ್ ಬರೆದಿಟ್ಟಿದ್ದೇನೆ.

ಓನರ್: (ಕೊಡೆ ಬಿಡಿಸುತ್ತಾ) ಮನೆಯವರ ನಡುವೆ ಬರವಣಿಗೆ ಎಂತಕ್ಕೆ ಮಾರಾಯ್ರೇ! ಮುಂದಿನ 30ಕ್ಕೆ ಬರ್ತೇನೆ. ಚಾ ಮಾಡಿಡಿ.