ಟೈಮ್‌ಟೇಬಲ್ ಭಾವ

ತೆಕ್ಕಟ್ಟೆಗೆ ರೈಲು ಬರುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಊರಿನ ನಡುವೆಯೇ ಹಾದುಹೋಗುತ್ತದೆ. ರೈಲೇ ಬೇಕೆಂದವರು ಬಡಗಿಗೆ ಕುಂದಾಪುರ ಸ್ಟೇಶನ್ನಿಗೋ ತೆಂಕಿಗೆ ಬಾರ್ಕೂರಿಗೋ ಹೋಗಬೇಕು. ಆದರೂ ಜ್ಯೂರಿಕ್‌ನಿಂದ ವಿಯೆನ್ನಾಕ್ಕೆ ರಾತ್ರಿ ಗಾಡಿ ಇದೆಯೇ ಎಂದು ಕೇಳಿದರೆ ಥಟ್ಟನೆ ಉತ್ತರ ಕೊಡುವವರೊಬ್ಬರು ಊರಲ್ಲಿ ಇರುತ್ತಾರೆ. ಹೆಂಡತಿಯ ತಮ್ಮಂದಿರು ಅವರಿಗಿಟ್ಟ ಹೆಸರು ಟೈಮ್‌ಟೇಬಲ್ ಭಾವ. ಕೋಟ, ಸಾಲಿಗ್ರಾಮ, ಕೋಟೇಶ್ವರದಲ್ಲೂ ಇವರ ಪಡಿಯಚ್ಚುಗಳಿವೆ. ಬ್ಯಾಂಕಿನ ಕೆಲಸ, ಎರಡು ಮಕ್ಕಳು, ಸಂಸಾರ ಸಮೇತ ಯುರೋಪನ್ನು ರೈಲಿನಲ್ಲಿ ಸುತ್ತುವ ಪ್ಲಾನಿನ ಒಂದು ಎಕ್ಸೆಲ್ ಶೀಟು.

ಭಾವನ ಪ್ರತಿಷ್ಠೆ ಬಿಟ್ಟಿ ಬಂದದ್ದಲ್ಲ. ಬೆಳಿಗ್ಗೆ 10ಕ್ಕೆ ಎಸಿ ತತ್ಕಾಲ್, 11ಕ್ಕೆ ಸ್ಲೀಪರ್ ತತ್ಕಾಲ್ ತೆರೆಯುವ ಹೊತ್ತಿಗೆ ಅವರ ಬೆರಳು ಫೋನಿನ ಮೇಲೆ ಕಾದಿರುತ್ತದೆ. ಮುಂಬೈಯ ನೆಂಟರಿಗೆ ಮತ್ಸ್ಯಗಂಧದಲ್ಲಿ, ಬೆಂಗಳೂರಿನವರಿಗೆ ಪಂಚಗಂಗಾದಲ್ಲಿ ಕನ್ಫರ್ಮ್ ಟಿಕೆಟ್ ತೆಗೆದುಕೊಟ್ಟ ಪುಣ್ಯ ಅವರದು. 2024ರ ನವೆಂಬರ್ 1ರಿಂದ ರೈಲ್ವೆಯವರು ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನದಿಂದ 60ಕ್ಕೆ ಇಳಿಸಿದಾಗ ಊರಲ್ಲಿ ನಿಜವಾಗಿ ನೊಂದವರು ಇವರೊಬ್ಬರೇ ಇರಬೇಕು. ಎರಡು ತಿಂಗಳಲ್ಲಿ ಮಾಡುವುದೂ ಒಂದು ಪ್ಲಾನೇ!

"ಹ್ವಾಯ್ ಭಾವ, ಯುರೋಪ್ ಎಲ್ಲಿಗ್ ಬಂತ್?" ಎಂದು ಯಾರಾದರೂ ಕೇಳಿದರೆ, "ಸೀಟ್ ರಿಸರ್ವೇಶನ್ನಲ್ಲಿ ಇತ್ತ್" ಎನ್ನುತ್ತಾರೆ. ಅದು ಸುಳ್ಳಲ್ಲ. ಯುರೋಪಿನ ಹೊರಗಿನವರಿಗೆಂದು 1959ರಲ್ಲಿ ಶುರುವಾದ ಯೂರೇಲ್ ಪಾಸಿನಲ್ಲಿ ಈಗ 33 ದೇಶ ಸುತ್ತಬಹುದು. ಆದರೆ ಪಾಸಿದ್ದರೆ ಸೀಟಿದೆ ಎಂದು ಅರ್ಥವಲ್ಲ. ಫ್ರಾನ್ಸಿನ ಟಿಜಿವಿಗೆ, ಯೂರೋಸ್ಟಾರಿಗೆ ಬೇರೆ ದುಡ್ಡು ಕೊಟ್ಟು ಸೀಟು ಹಿಡಿಯಬೇಕು. ಜರ್ಮನಿಯ ಐಸಿಇಯನ್ನು ಸೀದಾ ಹತ್ತಬಹುದು. ಇದನ್ನು ಭಾವ ಮದುವೆಯ ಊಟದ ಪಂಕ್ತಿಯಲ್ಲಿ ಕೂತು ವಿವರಿಸುವಾಗ ಪಕ್ಕದವರು ಪಾಯಸಕ್ಕೆ ಕಾಯದೆ ಏಳುತ್ತಾರೆ.

ಪ್ಲಾನು ಹುಟ್ಟಿದಾಗ ಮಗಳು ಆರನೇ ಕ್ಲಾಸು, ಮಾಣಿ ನಾಲ್ಕನೆಯದು. ಲೆಕ್ಕ ಆಗ ಚೊಕ್ಕವಾಗಿತ್ತು. ಯೂರೇಲಿನಲ್ಲಿ 4ರಿಂದ 11 ವರ್ಷದ ಮಕ್ಕಳು ದೊಡ್ಡವರ ಜತೆ ಪುಕ್ಕಟೆ. ಶೆಂಗೆನ್ ವೀಸಾದಲ್ಲೂ 6ರಿಂದ 11ರವರಿಗೆ ಅರ್ಧ ಶುಲ್ಕ. ಆ ವರ್ಷ ಮನೆಗೆ ಮಾಡು ಹೊದೆಸುವ ಕೆಲಸ ಬಂತು. ಮರುವರ್ಷ ಕೊರೋನಾ. ಅಷ್ಟರಲ್ಲಿ ಮಗಳಿಗೆ 12 ದಾಟಿ, ಅವಳು ಯೂರೇಲಿನವರ ಕಣ್ಣಿಗೆ ‘ಯುವಜನ’ವಾದಳು, ವೀಸಾಕ್ಕೂ ಪೂರ್ತಿ ಹಣ, ಜತೆಗೆ ಬೆರಳಚ್ಚು. ಆ ಶುಲ್ಕವೂ 2024ರ ಜೂನ್‌ನಲ್ಲಿ 80 ಯೂರೋದಿಂದ 90ಕ್ಕೆ ಏರಿತು. ಭಾವ ಸ್ವಿಟ್ಜರ್ಲೆಂಡಿನತ್ತ ತಿರುಗಿದರು: ಅಲ್ಲಿ ತಂದೆತಾಯಿ ಸ್ವಿಸ್ ಟ್ರಾವೆಲ್ ಪಾಸ್ ಕೊಂಡರೆ 16 ತುಂಬದ ಮಕ್ಕಳಿಗೆ ಫ್ಯಾಮಿಲಿ ಕಾರ್ಡು ಉಚಿತ. ಶೀಟಿನಲ್ಲಿ ಹೊಸ ಕಾಲಂ ಬಂತು. ಮಗಳಿಗೆ 16 ತುಂಬಿತು. ರಿಯಾಯಿತಿಗಳೆಲ್ಲ ಇದ್ದಲ್ಲೇ ಇವೆ, ಮಕ್ಕಳು ಮಾತ್ರ ಹೇಳದೆ ಕೇಳದೆ ಬೆಳೆಯುತ್ತಿದ್ದಾರೆ. ಚಿಕ್ಕವರ ಪಾಸ್‌ಪೋರ್ಟಿಗೆ ಆಯುಷ್ಯ ಐದೇ ವರ್ಷ. ಇಬ್ಬರ ಪಾಸ್‌ಪೋರ್ಟೂ ಒಂದು ಮುದ್ರೆಯನ್ನೂ ಕಾಣದೆ ತೀರಿಕೊಂಡವು.

ಇನ್ನು ಹೊರಡುವ ತಿಂಗಳು. ಏಪ್ರಿಲಿನಲ್ಲಿ ಸಿಇಟಿ, ಮೇ ಶುರುವಿಗೆ ನೀಟ್, ಮಾಣಿಗೆ ಎಸ್ಸೆಸ್ಸೆಲ್ಸಿಯ ಸ್ಪೆಶಲ್ ಕ್ಲಾಸು, ಇವು ಬಿಟ್ಟ ಸಂದಿಯಲ್ಲಿ ಯಾರದೋ ಮದುವೆ, ಎಲ್ಲೋ ನಾಗಮಂಡಲ.

ಮಕ್ಕಳ ಆಕ್ಷೇಪಣೆ ಬೇರೆಯದೇ. ಬೆಳಿಗ್ಗೆ 6:04ರ ಗಾಡಿ ಎಂದು ಓದಿದ ಕೂಡಲೇ ಮಾಣಿ, "ನಾ ಬತ್ತಿಲ್ಲೆ" ಎಂದ. ಮಗಳು ಕೇಳಿದ್ದು ಎರಡೇ: ವೈಫೈ ಇತ್ತಾ, ನನಗೆ ಬೇರೆ ರೂಮ್ ಇತ್ತಾ. ರಾತ್ರಿ ಗಾಡಿಯಲ್ಲಿ ನಾಲ್ವರೂ ಒಂದೇ ಗೂಡಿನಲ್ಲಿ ಮಲಗಬಹುದು, ಹೋಟೆಲ್ ಖರ್ಚು ಉಳಿಯುತ್ತದೆ ಎಂದು ಭಾವ ಹುರುಪಿನಿಂದ ಹೇಳಿದಾಗ ಅವಳು ಎದ್ದು ಒಳಗೆ ಹೋದಳು. ಹದಿನಾರರ ಹುಡುಗಿಗೆ ಅಪ್ಪನ ಗೊರಕೆಯ ಕೆಳಗೆ ಆಲ್ಪ್ಸ್ ದಾಟುವ ಆಸೆ ಇರಬೇಕೆಂದು ಬಯಸುವುದು ಅಪ್ಪಂದಿರು ಮಾತ್ರ.

ಹೆಂಡತಿಯದು ಸಾಮಾನಿನ ಚಿಂತೆ: "ಅಲ್ಲಿ ಪೆಟ್ಟಿಗಿ ಹೊರುಕೆ ಜನ ಇರ್ತ್ರಾ?" ಇರುವುದಿಲ್ಲ. ತುಪ್ಪ, ಪೇಡಾ ಒಯ್ಯುವಂತೆಯೂ ಇಲ್ಲ. ಹೊರಗಿನ ಹಾಲಿನ ಪದಾರ್ಥ, ಮಾಂಸ ಎರಡಕ್ಕೂ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ. ಆದರೆ ಮೀನಿಗೆ ತಲೆಗೆ 20 ಕಿಲೋ ತನಕ ಅಡ್ಡಿಯಿಲ್ಲ ಎಂಬುದನ್ನು ಭಾವ ಹುಡುಕಿ ತೆಗೆದಿದ್ದಾರೆ. ನಾಲ್ಕು ಜನಕ್ಕೆ 80 ಕಿಲೋ ಒಣಮೀನು! ಪ್ಯಾರಿಸ್ ಗಾಡಿಯ ಮುಚ್ಚಿದ ಬೋಗಿಯಲ್ಲಿ ಅದರ ಪರಿಮಳ ನೆನೆದು ಮಕ್ಕಳಿಬ್ಬರೂ ಮೊದಲ ಬಾರಿಗೆ ಒಗ್ಗಟ್ಟಾದರು.

ಅಪ್ಪಯ್ಯನನ್ನು ಸೋಲಿಸಲು ಮಾಣಿಯೂ ಅಭ್ಯಾಸ ಮಾಡಿಕೊಂಡ. 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ಸಮಯಕ್ಕೆ ಮುಟ್ಟಿದ್ದು ಶೇ 62.5 ಮಾತ್ರ ಎಂದು ಫೋನು ಹಿಡಿದು ತೋರಿಸಿದ. ಭಾವನಿಗೆ ಬೇಸರವಾಗಲಿಲ್ಲ. "ಹಂಗಾರೆ ನಮ್ ಮತ್ಸ್ಯಗಂಧ ಅಡ್ಡಿಲ್ಲೆ" ಎಂದು ಪ್ರತಿ ಬದಲಾವಣೆಗೂ ಎರಡು ಗಂಟೆ ಸೇರಿಸಿದರು. ಗ್ಲೇಸಿಯರ್ ಎಕ್ಸ್‌ಪ್ರೆಸ್ ಎಂಬ ಹೆಸರಿನ ಗಾಡಿ ಜೆರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ ಸುಮಾರು ಎಂಟು ಗಂಟೆ ತೆವಳುತ್ತದೆ, 91 ಸುರಂಗ, 291 ಸೇತುವೆ ಎಂದು ಅವರು ವರ್ಣಿಸಿದಾಗ ಭಾವಮೈದ ಮಧ್ಯೆ ಬಾಯಿ ಹಾಕಿದ: ಕೊಂಕಣ ರೈಲ್ವೆಯಲ್ಲೂ ಸುಮಾರು ಅಷ್ಟೇ ಸುರಂಗ, ಎರಡು ಸಾವಿರದ ಹತ್ತಿರ ಸೇತುವೆ, 1998ರಿಂದ ಇಲ್ಲೇ ಹತ್ತಿರ ಓಡುತ್ತಿದೆ, ರತ್ನಾಗಿರಿಗೆ ಹೋಗಿ ಬಪ್ಪ. ಆ ದಿನ ಭಾವ ಅವನಿಗೆ ಚಹಾ ಕೊಡಿಸಲಿಲ್ಲ.

ಪಕ್ಕದ ಕೋಟದ ಶಿವರಾಮ ಕಾರಂತರು ಯುರೋಪ್ ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ ಬರೆದರು. ಭಾವ ಹೋಗುವ ಮೊದಲೇ ಅಷ್ಟು ಬರೆದಾಗಿದೆ. ಅವರ ಶೀಟು ನೋಡಿ ಹೊರಟ ಎರಡು ಸಂಸಾರ, ಒಂದು ಬ್ರಹ್ಮಾವರದ್ದು, ಇನ್ನೊಂದು ಬೈಂದೂರಿನದು, ಹಿಮದಲ್ಲಿ ನಿಂತ ಫೋಟೋ ಕಳಿಸಿವೆ. ಪ್ಲಾಟ್‌ಫಾರ್ಮ್ ನಂಬರು ಸಹ ತಪ್ಪಲಿಲ್ಲವಂತೆ.

ಈಗ ಶೀಟಿನಲ್ಲಿ ಹೊಸ ಪುಟವೊಂದು ತೆರೆದಿದೆ. ಹಿರಿಯ ನಾಗರಿಕರ ರಿಯಾಯಿತಿಯನ್ನು ನಮ್ಮ ರೈಲ್ವೆ 2020ರ ಮಾರ್ಚ್‌ನಲ್ಲಿ ನಿಲ್ಲಿಸಿತು, ಯೂರೇಲಿನಲ್ಲಿ 60 ತುಂಬಿದವರಿಗೆ ಶೇ 10 ಇದೆ. ಭಾವನಿಗೆ ಈಗ 52.