ಪಿಡಿಎಫ್ ಡಾಕ್ಟ್ರು

ಸಂಡೂರಿನ ಗಣಿ ರಸ್ತೆಯ ವೇಬ್ರಿಡ್ಜ್ ಒಂದರಲ್ಲಿ ತೂಕದ ಚೀಟಿ ಬರೆಯುವ ಇವರನ್ನು ಲಾರಿ ಡ್ರೈವರುಗಳೆಲ್ಲ ‘ಡಾಕ್ಟ್ರು’ ಎಂದೇ ಕರೆಯುತ್ತಾರೆ. ಪಿಎಚ್‌ಡಿಗೆ ಹೆಸರು ನೋಂದಾಯಿಸಿದ ಮರುದಿನವೇ ಅಂಟಿದ ಬಿರುದು. ನಂಬಿಕೊಂಡ ಕ್ಲೀನರ್ ಹುಡುಗರು ಒಂದೆರಡು ಸಲ ಜ್ವರದ ಮಾತ್ರೆ ಕೇಳಿಕೊಂಡು ಬಂದದ್ದೂ ಉಂಟು.

ಇಂಥ ಡಾಕ್ಟ್ರುಗಳು ಈಗ ಊರಿಗೊಬ್ಬರು. ಹೊಸಪೇಟೆಯಲ್ಲಿ ಬ್ಯಾಂಕಿನ ಕೌಂಟರಿನ ಹಿಂದೆ, ಕಂಪ್ಲಿಯಲ್ಲಿ ಗೊಬ್ಬರದಂಗಡಿಯ ಗಲ್ಲಾದ ಮುಂದೆ ಸಿಗುತ್ತಾರೆ. ಹೊಟ್ಟೆಪಾಡು ಒಂದೂರಲ್ಲಿ, ವಿಶ್ವವಿದ್ಯಾಲಯ ಇನ್ನೊಂದೂರಲ್ಲಿ, ಗ್ರಂಥಾಲಯ ಮಾತ್ರ ಅಂಗೈಯಲ್ಲಿ.

ನಮ್ಮ ಡಾಕ್ಟ್ರ ವಿಶ್ವವಿದ್ಯಾಲಯ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ. ಹೆಸರು ಬೇಡ. ಮನೆಯಲ್ಲೇ ಕೂತು ಅದರ ಗ್ರಂಥಾಲಯದೊಳಗೆ ಹೋಗಲು ಯೂಸರ್ ನೇಮು, ಪಾಸ್‌ವರ್ಡು, ಕೊನೆಗೆ ಒಟಿಪಿ. ಲ್ಯಾಪ್‌ಟಾಪ್ ಇರುವುದು ಪಡಸಾಲೆಯಲ್ಲಿ. ಒಟಿಪಿ ಬರುವುದು ಮಾಳಿಗೆಯ ನೀರಿನ ಟ್ಯಾಂಕಿನ ಪಕ್ಕದಲ್ಲಿ. ಹಾಗಾಗಿ ದಿನಾ ಸಂಜೆ ಅವರ ಮನೆಯಾಕೆ ಫೋನು ಹಿಡಿದು ಮಾಳಿಗೆ ಹತ್ತಿ, “ನಾಲ್ಕು! ಏಳು! ಎರಡು!” ಎಂದು ಕೆಳಗೆ ಕೂಗುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಗುಟ್ಟಾಗಿ ಕೇಳಿದಳಂತೆ: “ಯವ್ವಾ, ಓಸಿ ನಂಬರ್ ನಿಮ್ಮನಿಗೇ ಮೊದಲು ಬರ್ತೈತೇನು?”

ಅಂತೂ ಒಳಗೆ ಹೋದ ದಿನ, ಬೇಕಾಗಿದ್ದ ಲೇಖನಕ್ಕೆ ಡಾಲರಿನಲ್ಲಿ ಬೆಲೆ ಕಟ್ಟಿತ್ತು. ಡಾಕ್ಟ್ರು ಲ್ಯಾಪ್‌ಟಾಪ್ ಮುಚ್ಚಿ, ಒಗ್ಗರಣೆ ಮಿರ್ಚಿ ತಿಂದು, ಬಿಟ್ಟಿ ದಾರಿ ಹಿಡಿದರು.

ಆ ದಾರಿಯ ಹೆಸರು ಶೋಧಗಂಗಾ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಯಾರು ಬೇಕಾದರೂ ಓದುವಂತೆ ತೆರೆದಿವೆ. ಒಂದೊಂದು ಪ್ರಬಂಧವೂ ಬಿಡಿ ಕಡತಗಳಾಗಿರುತ್ತದೆ: ಮುಖಪುಟ ಬೇರೆ, ಪ್ರಮಾಣಪತ್ರ ಬೇರೆ, ಕೃತಜ್ಞತೆ ಬೇರೆ, ಅಧ್ಯಾಯಗಳು ಬೇರೆ ಬೇರೆ. ಡಾಕ್ಟ್ರು ಮೇಲಿನಿಂದ ಒಂದೊಂದಾಗಿ ಇಳಿಸಿಕೊಳ್ಳತೊಡಗುತ್ತಾರೆ; ಅಷ್ಟರಲ್ಲಿ ಲೋಡ್ ಲಾರಿ ಬಂದು ಹಾರ್ನ್ ಹೊಡೆಯುತ್ತದೆ. ಹೀಗಾಗಿ ಅವರ ಹತ್ತಿರ ಮುಖಪುಟ, ಪ್ರಮಾಣಪತ್ರ, ಕೃತಜ್ಞತೆಗಳ ದೊಡ್ಡ ಸಂಗ್ರಹವೇ ಇದೆ. ಯಾವ ಸಂಶೋಧಕನ ಅತ್ತೆ ಮಗುವನ್ನು ನೋಡಿಕೊಂಡರು, ಯಾರ ಟೈಪಿಂಗ್ ಯಾರು ಮಾಡಿದರು, ಎಲ್ಲವೂ ಬಾಯಿಪಾಠ. ಅವರು ಏನನ್ನು ಸಂಶೋಧಿಸಿದರು ಎಂದು ಮಾತ್ರ ಕೇಳಬಾರದು. ಈ ಓದಿನ ಫಲವಾಗಿ ಡಾಕ್ಟ್ರು ತಮ್ಮ ಪ್ರಬಂಧದ ಕೃತಜ್ಞತೆಯನ್ನು ಬರೆದು ಮುಗಿಸಿದ್ದಾರೆ. ನಾಲ್ಕು ಪುಟ.

ವಿಷಯ ಸಂಡೂರು ಸೀಮೆಯ ಶಾಸನಗಳು. ಶಾಸನ ಎಂದಮೇಲೆ ಬಿ.ಎಲ್. ರೈಸ್ ಎಂದು ಯಾರೋ ಹೇಳಿದರು. ಡಾಕ್ಟ್ರು ಹಿಂದೆಮುಂದೆ ನೋಡದೆ, 1886ರಿಂದ ಹೊರಬಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳನ್ನೂ ರಾತ್ರಿಯಿಡೀ ಇಳಿಸಿದರು. ಬೆಳಗ್ಗೆ ತೆರೆದು ಹುಡುಕಿದರೆ ಸಂಡೂರೇ ಇಲ್ಲ! ಇರುವುದಾದರೂ ಹೇಗೆ? ರೈಸ್ ಸಾಹೇಬರು ಓಡಾಡಿದ್ದು ಮೈಸೂರು, ಕೊಡಗು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಸಂಡೂರು ಘೋರ್ಪಡೆಯವರ ಪುಟ್ಟ ಸಂಸ್ಥಾನ. ಪ್ರಾಂತ್ಯದ ಕನ್ನಡ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ 9ನೆಯ ಸಂಪುಟಕ್ಕೆ ಹೋಗಿವೆ. ಆದರೂ ಇಳಿಸಿದ ಹನ್ನೆರಡನ್ನು ಅಳಿಸಲು ಡಾಕ್ಟ್ರಿಗೆ ಮನಸ್ಸು ಬರಲಿಲ್ಲ.

ಗೈಡ್ ಒಮ್ಮೆ ಫೋನ್ ಮಾಡಿ, ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸಿದರು.

“ಹನ್ನೆರಡು ಜಿಬಿ ಆಗೈತ್ರಿ ಸಾರ್.”

“ಅದು ಲೋಡ್ ಲಾರಿ ತೂಕ ಆಯ್ತಲ್ಲಪ್ಪ. ಖಾಲಿ ಲಾರಿ ತೂಕ ಕಳೆದು ಹೇಳು.”

ಕಳೆದರೆ ಉಳಿಯುವುದು ಆ ನಾಲ್ಕು ಪುಟದ ಕೃತಜ್ಞತೆ ಎಂಬುದು ಡಾಕ್ಟ್ರಿಗೂ ಗೊತ್ತು.

ತಮಾಷೆಯೆಂದರೆ, ಬಳ್ಳಾರಿ ಜಿಲ್ಲೆಯ ಶಾಸನಗಳ ಒಂದು ಸಂಪುಟವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವೇ ಅಚ್ಚು ಹಾಕಿಸಿದೆ. 1991ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯ ಇರುವುದು ಕಮಲಾಪುರದ ಬಳಿಯ ವಿದ್ಯಾರಣ್ಯದಲ್ಲಿ. ಸಂಡೂರಿನಿಂದ ಹೊಸಪೇಟೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. “ಒಂದಿನ ಹೋಗಿ ನೋಡ್ಕೊಂಡು ಬರ್ರಲ್ಲ” ಎಂದರು ಮನೆಯಾಕೆ. ಡಾಕ್ಟ್ರು ಎಸ್.ಆರ್. ರಂಗನಾಥನ್ ಅವರನ್ನೇ ಮುಂದೆ ನಿಲ್ಲಿಸಿದರು: 1931ರಷ್ಟು ಹಿಂದೆಯೇ ಆ ಮಹಾನುಭಾವರು ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗನ ಸಮಯ ಉಳಿಸು ಎಂಬುದು. ಬಸ್ಸಿಗೆ ಹೋದರೆ ಒಂದು ದಿನ ಹಾಳಲ್ಲವೇ? ಆ ಒಂದು ದಿನ ಉಳಿಸಲು ಅವರು ಎಂಟು ತಿಂಗಳು ಖರ್ಚು ಮಾಡಿದರು.

ಆ ಎಂಟು ತಿಂಗಳು ಅವರನ್ನು ಸಾಕಿದ್ದು ಒಂದು ಹೆಬ್ಬೆರಳು. ವಾಟ್ಸಾಪ್ ಗುಂಪಿನಲ್ಲಿ ಪರಿಚಯವಾದ, ಅಲ್ಲಿನ ಹಾಸ್ಟೆಲಿನ ಯಾರೋ ಹುಡುಗ. “ತಮ್ಮಾ, ಒಂದೇ ಒಂದು ಪುಟ” ಎಂದರೆ ಸಾಕು, ಗ್ರಂಥಾಲಯದಲ್ಲಿ ಪುಸ್ತಕ ತೆಗೆದು, ಪುಟವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಫೋಟೋ ಕಳಿಸುವನು. ಬೆರಳಿಗೆ ತಾಮ್ರದ ಉಂಗುರ. ಉಗುರು ಬಾಗಿಲಿಗೆ ಸಿಕ್ಕಿ ಕಪ್ಪಗಾಗಿತ್ತು. ಅದು ಪ್ರತಿ ಸಲವೂ ಸರಿಯಾಗಿ ಅಡಿಟಿಪ್ಪಣಿಯ ಮೇಲೆಯೇ ಕೂತಿರುತ್ತಿತ್ತು. “ಬೆರಳು ಸ್ವಲ್ಪ ಸರಿಸಪ್ಪ” ಎಂದು ಡಾಕ್ಟ್ರು ಎಷ್ಟೋ ಸಲ ಬೇಡಿಕೊಂಡರು. ತಿಂಗಳುಗಳು ಉರುಳಿದಂತೆ ಕಪ್ಪು ಮೇಲೆ ಸರಿದು, ಉಗುರು ಪೂರ್ತಿ ಹೊಸದಾಗಿ ಬಂತು. ಅಧ್ಯಾಯ ಮಾತ್ರ ಬರಲಿಲ್ಲ.

ಆ ಹೊಸ ಉಗುರು ನೋಡಿ ಡಾಕ್ಟ್ರಿಗೆ ನಾಚಿಕೆಯಾಗಿರಬೇಕು. ಒಂದು ಸೋಮವಾರ ರಜೆ ಹಾಕಿ ಬಸ್ಸು ಹತ್ತಿಯೇಬಿಟ್ಟರು. ಅಲ್ಲಿನ ‘ಅಕ್ಷರ’ ಗ್ರಂಥಾಲಯದಲ್ಲಿ ಕಪಾಟಿನ ಮುಂದೆ ನಿಂತು ಆ ಸಂಪುಟವನ್ನು ಎರಡೂ ಕೈಯಲ್ಲಿ ಎತ್ತಿದಾಗ, ಅಭ್ಯಾಸಬಲದಿಂದ ಮೊದಲು ಅದರ ತೂಕವನ್ನೇ ಅಂದಾಜು ಮಾಡಿದರಂತೆ. ಎದುರಿನ ಮೇಜಿನಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿ ಓದುತ್ತಿದ್ದ. ಡಾಕ್ಟ್ರು ಅವನ ಮುಖ ನೋಡಲಿಲ್ಲ. ಪುಟದ ಅಂಚಿನಲ್ಲಿದ್ದ ತಾಮ್ರದ ಉಂಗುರ ನೋಡಿದರು.

“ತಮ್ಮಾ, ಪುಟ ನೂರಾ ನಲವತ್ತೆರಡು ನೀನೇ ಅಲ್ಲೇನು?”

ಹುಡುಗ ಎದ್ದು ನಿಂತ. “ಸಂಡೂರು ಸಾರಾ? ಖರೇನೇ ಅದೀರೇನ್ರಿ!”

ಸಂಜೆಯವರೆಗೆ ಇಬ್ಬರೂ ಎದುರುಬದುರು ಕೂತು ಓದಿದರು. ಎಂಟು ತಿಂಗಳಲ್ಲಿ ಕಾಣದ ಅಡಿಟಿಪ್ಪಣಿಗಳೆಲ್ಲ ಒಂದೇ ಮಧ್ಯಾಹ್ನ ಕಂಡವು. ಹೊರಡುವ ಹೊತ್ತಿಗೆ ಕಂಪ್ಲಿಯ ಗೊಬ್ಬರದಂಗಡಿಯ ಡಾಕ್ಟ್ರ ಸಂದೇಶ ಬಂತು: “ಅಣ್ಣಾ, ಲೈಬ್ರರಿಗೆ ಹೋಗೀರಂತೆ. ಒಂದೇ ಒಂದು ಪುಟ ಬೇಕಿತ್ತು.” ನಮ್ಮ ಡಾಕ್ಟ್ರು ಮತ್ತೆ ಕಪಾಟಿಗೆ ಹೋಗಿ, ಪುಸ್ತಕ ಹುಡುಕಿ, ಪುಟ ಬಿಡಿಸಿ, ಅದಿರಿನ ಕೆಂಪು ಧೂಳು ಕೂತ ಹೆಬ್ಬೆರಳಿನಿಂದ ಒತ್ತಿ ಹಿಡಿದು ಫೋಟೋ ಕಳಿಸಿದರು.

ಎರಡೇ ನಿಮಿಷದಲ್ಲಿ ಉತ್ತರ: “ಅಕ್ಷರ ಎಲ್ಲಾ ಛಲೋ ಕಾಣ್ತಾವಣ್ಣ. ಬೆರಳು ಸ್ವಲ್ಪ ಸರಿಸಿ ಇನ್ನೊಂದು ಹೊಡೀರಿ, ಅಡಿಟಿಪ್ಪಣಿ ಮುಚ್ಚೈತಿ.”