ನೆರಳಿನ ವರ್ಗಾವಣೆ

ಸರ್ಕಾರಿ ನೌಕರರನ್ನು ಮಾತ್ರ ವರ್ಗ ಮಾಡಬಹುದೆಂದು ತಿಳಿದವರಿಗೆ ಒಂದು ಸುದ್ದಿ: ಕಾಡನ್ನೂ ಮಾಡಬಹುದು. ಘಟ್ಟದಲ್ಲಿ ಕಡಿದು ಬಯಲುಸೀಮೆಯಲ್ಲಿ ಸಸಿ ನೆಟ್ಟರಾಯಿತು. ಕಡತದಲ್ಲಿ ಇದರ ಹೆಸರು ಪರಿಹಾರಾತ್ಮಕ ಅರಣ್ಯೀಕರಣ. ಮರಕ್ಕೆ ಮರ, ಎಕರೆಗೆ ಎಕರೆ, ಲೆಕ್ಕ ಚುಕ್ತಾ. ಆದೇಶದ ಪ್ರತಿ ಬಿಸಿಲಿಗೆ ಮಾತ್ರ ತಲುಪಿದಂತಿಲ್ಲ. ಅದು ಹಳೇ ವಿಳಾಸಕ್ಕೇ ಬರುತ್ತಿದೆ.

ವರ್ಗಾವಣೆ ಎಂದಮೇಲೆ ಆರೋಪಪಟ್ಟಿ ಬೇಕಲ್ಲ? ಧಾರಾಳವಾಗಿದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನೇ ನೋಡಿ. ಏಪ್ರಿಲ್ ಮಧ್ಯಾಹ್ನ ಹೊನ್ನಾವರದಿಂದ ಬೈಕಿನಲ್ಲಿ ಬೆವರು ಸುರಿಸುತ್ತ ಘಟ್ಟ ಹತ್ತಿದವನಿಗೆ ಅಲ್ಲಿ ಹೆಲ್ಮೆಟ್ಟಿನೊಳಗೂ ತಂಪು ಹೊಗುತ್ತದೆ. ಒಳಗಿನ ರಾಂಪತ್ರೆ ಜಡ್ಡಿಯಲ್ಲಿ ಮರಗಳು ಕೆಸರಿನಿಂದ ಬೇರಿನ ಮೊಣಕಾಲು ಎತ್ತಿಕೊಂಡು ನಿಂತಿವೆ. ನೆಲದ ನೀರನ್ನು ಎಲೆಯವರೆಗೆ ಎಳೆದು ಆವಿ ಮಾಡುವುದು ಅವುಗಳ ಕಸುಬು. ಒಂದು ಲೀಟರ್ ನೀರು ಆವಿಯಾಗಲು ಹೆಚ್ಚುಕಡಿಮೆ 0.67 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಮರ ಅದನ್ನು ಬಿಸಿಲಿನಿಂದಲೂ ಸುತ್ತಲ ಗಾಳಿಯಿಂದಲೂ ವಸೂಲು ಮಾಡುತ್ತದೆ. ಮೀಟರಿಲ್ಲ, ಟೆಂಡರಿಲ್ಲ, ಪರ್ಸೆಂಟೇಜಂತೂ ಇಲ್ಲವೇ ಇಲ್ಲ. ಇಂಥ ಕೆಲಸಗಾರನನ್ನು ಯಾವ ಇಲಾಖೆ ತಾನೇ ಸಹಿಸೀತು?

ಮಳೆಗಾಲದ ನಡತೆಯೂ ಸರಿಯಿಲ್ಲ. ಜುಲೈನಲ್ಲಿ ಬಿದ್ದದ್ದನ್ನು ತರಗೆಲೆಯಡಿ ಇಂಗಿಸಿಟ್ಟುಕೊಂಡು ಮಾರ್ಚ್‌ವರೆಗೆ ಹಳ್ಳಕ್ಕೆ ಚೂರುಚೂರೇ ಬಿಡುತ್ತದೆ: ಅಕ್ರಮ ದಾಸ್ತಾನು. ಡಿಸೆಂಬರ್ ರಾತ್ರಿ ಬಯಲು ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಒಪ್ಪಿಸಿ ನಡುಗುವಾಗ, ಕಾಡು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಕಾವನ್ನು ಎಲೆಯ ಚಪ್ಪರದಡಿ ತಡೆದಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ತಂಪಿನ ಪಕ್ಷ, ಚಳಿಯಲ್ಲಿ ಬಿಸಿಯ ಪಕ್ಷ. ಶಾಸಕರಾಗಿದ್ದರೆ ರೆಸಾರ್ಟಿಗೆ ಕರೆದೊಯ್ಯಬಹುದಿತ್ತು.

(ಎಲ್ಲ ಕಾಡೂ ಒಂದೇ ಅಲ್ಲ. ಬಂಡೀಪುರದ್ದು ಬೇಸಿಗೆಗೆ ಎಲೆ ಉದುರಿಸಿ ರಜೆ ಹಾಕುತ್ತದೆ, ಹಕ್ಕಿನ ರಜೆ.)

ಕತ್ತಲೆಕಾನಿನಂಥ ಕಾಡಿನ ಮರಗಳ ಜಾಗಕ್ಕೆ ಬರುವ ಹೊಸ ನೌಕರ ಮೊಣಕಾಲೆತ್ತರದ ಸಸಿ. ತನ್ನ ಬುಡಕ್ಕೇ ನೆರಳು ಕೊಡಲಾರದು. ಆದರೆ ಹಾಜರಿ ಪುಸ್ತಕದಲ್ಲಿ ಎರಡಾಳು ತಬ್ಬಿದರೂ ಸಾಲದ ರಾಂಪತ್ರೆಗೆ ಸಮ. ಈ ನಡುವೆ ಮಲೆನಾಡಿನ ಹೆಂಚಿನ ಮನೆಗಳಿಗೆ ಫ್ಯಾನು ಬಂತು, ಅಡಿಕೆಗೆ ದರ ಬಂದ ವರ್ಷ ಎಸಿಯೂ ಬಂತು. ಅದು ಒಳಗಿನ ಸೆಕೆಯನ್ನು ಎತ್ತಿ ಹಿತ್ತಿಲಿಗೆ ಊದುತ್ತದೆ. ಅಂದರೆ ಅದೂ ವರ್ಗಾವಣೆಯೇ.

ಘಟ್ಟದಲ್ಲಿ ನಿತ್ಯಹರಿದ್ವರ್ಣವಾದದ್ದು ಏನೂ ಉಳಿದಿಲ್ಲ ಎಂದು ಕೊರಗುವವರು ಅದನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಸಾರುವ ಕರಡು ಅಧಿಸೂಚನೆಯನ್ನು ನೋಡಿಲ್ಲ. ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟವು. 2014ರಿಂದ 2024ರೊಳಗೆ ಕೇಂದ್ರ ಆರು ಸಲ ಕರಡು ಹೊರಡಿಸಿತು. ಬೇರೆ ಯಾವುದಕ್ಕೂ ಒಂದಾಗದ ನಮ್ಮ ಪಕ್ಷಗಳು ಬೇಡವೆನ್ನುವುದರಲ್ಲಿ ಒಂದಾದವು. ಮನೆ, ತೋಟ ಹೋದೀತೆಂಬ ಊರವರ ಹೆದರಿಕೆ ಸುಳ್ಳಲ್ಲ, ಅವರನ್ನು ಕೂರಿಸಿ ಬಿಡಿಸಿ ಹೇಳಿದವರೂ ಕಡಿಮೆ. ಆ ಹೆದರಿಕೆಯ ನೆರಳಲ್ಲಿ ಕಲ್ಲುಕ್ವಾರಿಯವರು ತಣ್ಣಗೆ ಕೂತಿದ್ದಾರೆ.